ವೈಜಯಂತಿ ಅಕ್ಕನ ಅಂಗಳದಲ್ಲಿ ಏಳದ ಶೆಡ್ಡು

ದೆಹಲಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ನೆಲಮಹಡಿಯ ಮನೆ ಸಿಕ್ಕರೆ ಸಾಕು, ಜನಕ್ಕೆ ಮೊದಲು ಕಾಣುತ್ತಿದ್ದುದು ಮನೆಮುಂದಿನ ತುಂಡು ಹುಲ್ಲಿನ ಜಾಗ. ಅದಕ್ಕೊಂದು ತಗಡಿನ ಸೂರು ಹಾಕಿಸಿದರೆ ಸ್ಕೂಟರ್ ನಿಲ್ಲಿಸಬಹುದು, ಊರಿಂದ ಬಂದ ನೆಂಟರನ್ನು ಮಲಗಿಸಬಹುದು, ಮಗನಿಗೊಂದು ಓದುವ ಮೂಲೆ ಮಾಡಿಕೊಡಬಹುದು. ಹಾಗೆ ಎದ್ದ ಶೆಡ್ಡುಗಳನ್ನು ಬಿಚ್ಚಿಸುವುದು ವೈಜಯಂತಿ ಅಕ್ಕನ ಕೆಲಸವಾಗಿತ್ತು.

ಮಧುಗಿರಿಯಿಂದ ಮದುವೆಯಾಗಿ ದೆಹಲಿಗೆ ಬಂದ ಹೊಸದರಲ್ಲೇ ಪರೀಕ್ಷೆ ಬರೆದು, ಕ್ವಾರ್ಟರ್ಸ್‌ಗಳ ಉಸ್ತುವಾರಿ ನೋಡುವ ಕಚೇರಿಗೆ ಗುಮಾಸ್ತೆಯಾಗಿ ಸೇರಿದವರು ಅವರು. ಅಲ್ಲೇ ಮೇಲೇರಿ ಅಲ್ಲೇ ನಿವೃತ್ತರಾದರು. ನಾನು ಅವರ ಪಕ್ಕದ ಮೇಜಿನಲ್ಲಿ ಕೂತವಳು, ವಯಸ್ಸಿನಲ್ಲಿ ಚಿಕ್ಕವಳು. ಬೇಸಿಗೆಯಲ್ಲೂ ಹತ್ತಿ ಸೀರೆ ಉಟ್ಟು, ತಲೆಗೆ ಒದ್ದೆ ಟವೆಲ್ ಹಾಕಿಕೊಂಡು, ಅಳತೆ ಟೇಪು ಹಿಡಿದು ಸೆಕ್ಟರಿನಿಂದ ಸೆಕ್ಟರಿಗೆ ನಡೆಯುತ್ತಿದ್ದರು. ದೂರದಿಂದ ಅವರನ್ನು ಕಂಡವರು ಶೆಡ್ಡಿನ ಮೇಡಂ ಬಂದರೆಂದು ಒಳಗೆ ಕೂಗುತ್ತಿದ್ದರು, "ಶೆಡ್‌ವಾಲಿ ಮೇಡಂ ಆ ಗಯೀ!"

ಅವರು ಕಠಿಣ ಎಂದು ಹೆಸರಾಗಿದ್ದರೂ ಕ್ರೂರಿ ಎಂದು ಯಾರೂ ಹೇಳಿದ್ದು ನಾನು ಕೇಳಿಲ್ಲ. ಒಮ್ಮೆ ಒಂದು ಮನೆಯವರು ಮಗಳ ಮದುವೆಯ ಅಡುಗೆಗೆಂದು ಹುಲ್ಲಿನ ಮೇಲೆ ದೊಡ್ಡ ಶೆಡ್ಡನ್ನೇ ಎಬ್ಬಿಸಿದ್ದರು. ಅಕ್ಕ ಹೋಗಿ ನೋಡಿ, "ಮದುವೆ ಮುಗಿಯಲಿ" ಎಂದು ಬಂದರು. ಅವರು ಕರೆದದ್ದಕ್ಕೆ ಮದುವೆಗೂ ಹೋದರು, ಎರಡೆರಡು ಸಲ ಹಾಕಿಸಿಕೊಂಡು ಉಂಡರು, ಮಾರನೆಯ ಬೆಳಿಗ್ಗೆ ಶೆಡ್ ಬಿಚ್ಚಿದ್ದಾರೋ ಇಲ್ಲವೋ ನೋಡಲು ಮತ್ತೆ ಹೋಗಿ ನಿಂತರು.

"ಅಕ್ಕಾ, ಒಂದು ತಗಡಿನ ಶೀಟಿಗೆ ಇಷ್ಟೊಂದು ಯಾಕೆ?" ಎಂದು ನಾನು ಕೇಳಿದ್ದುಂಟು.

"ಹಂಸಾ, ಆ ಮನೆಗೆ ನಾಳೆ ಇನ್ನೊಬ್ಬರು ಬರ್ತಾರೆ. ಆ ಹುಲ್ಲು ಅವರದೂ ಹೌದಲ್ವಾ? ಇವತ್ತು ಇರೋರು ಮುಚ್ಚಿಬಿಟ್ಟರೆ ಬರೋರಿಗೆ ಏನುಳಿಯತ್ತೆ?" ಎನ್ನುತ್ತಿದ್ದರು. ಇಷ್ಟೇ ಅವರ ವೇದಾಂತ. ಇದಕ್ಕಿಂತ ಹೆಚ್ಚು ಮಾತಾಡುವ ಸ್ವಭಾವವೂ ಅವರದಲ್ಲ.

ನಿವೃತ್ತಿಯ ಹೊತ್ತಿಗೆ ಕ್ವಾರ್ಟರ್ಸ್ ಬಿಡಬೇಕಾಯಿತು. ಅಕ್ಕ ಮತ್ತು ಅವರ ಗಂಡ ಮುರಳೀಧರರು ಮುನಿರ್ಕಾದ ಕಡೆ, ಹಳೆಯ ಹಳ್ಳಿಯ ಅಂಚಿನ ಗಲ್ಲಿಯಲ್ಲಿ ಒಂದು ಪುಟ್ಟ ಮನೆ ಕೊಂಡರು. ಎರಡೂ ಪಕ್ಕ ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಟ್ಟ ಎತ್ತರದ ಕಟ್ಟಡಗಳು. ನಡುವೆ ಇವರದೊಂದು ಮಾತ್ರ ತಗ್ಗು ಮನೆ, ಮುಂದೆ ಅಂಗಳ. ಹಿಂದೆ, ನಾಲ್ಕು ಮನೆಗಳಾಚೆ, ಕಬ್ಬಿಣದ ಬೇಲಿಯೊಳಗೆ ಲೋದಿಗಳ ಕಾಲದ್ದೊಂದು ಗುಮ್ಮಟ. ಅದರ ಮೇಲೆ ಯಾವಾಗಲೂ ಪಾರಿವಾಳಗಳು. ಅಕ್ಕಪಕ್ಕದವರಿಗೆ ಅದು ಬಟ್ಟೆ ಒಣಹಾಕುವಾಗ ಕಾಣುವ ಒಂದು ಕಪ್ಪು ತಲೆ, ಅಷ್ಟೆ.

ಮಗಳು ಹರ್ಷಿಣಿಗೆ ಗುರುಗ್ರಾಮದಲ್ಲಿ ಕೆಲಸ. ಶನಿವಾರ ಬಂದರೆ ಭಾನುವಾರ ಸಂಜೆ ಹೊರಡುವವಳು. ಮೇ ತಿಂಗಳ ಬಿಸಿಲಿನಲ್ಲಿ ಅಂಗಳದಲ್ಲಿ ನಿಲ್ಲಿಸಿದ ಅವಳ ಕಾರಿನ ಸ್ಟೇರಿಂಗ್ ಮುಟ್ಟಿದರೆ ಬೊಬ್ಬೆ ಏಳುತ್ತಿತ್ತು.

"ಅಮ್ಮಾ, ಒಂದು ಶೆಡ್ ಹಾಕ್ಸು ನಾ. ಪೂರೀ ಗಲೀ ಮೇಂ ಸಬ್‌ಕೇ ಪಾಸ್ ಹೈ. ನಮ್ಮನೆ ಒಂದೇ ಇಲ್ದಿರೋದು."

ನಿಜವೇ. ಗಲ್ಲಿಯ ಪ್ರತಿ ಮನೆಯ ಮುಂದೂ ಕಬ್ಬಿಣದ ಕಂಬ, ನೀಲಿ ಫೈಬರ್ ಶೀಟು. ಎದುರುಮನೆಯ ಸತ್ಬೀರ್ ಚೌಧರಿಯ ಶೆಡ್ಡಂತೂ ಗೇಟು ದಾಟಿ ಗಲ್ಲಿಯ ಮೇಲೂ ಅರ್ಧ ಬಾಗಿತ್ತು. ಮುರಳೀಧರರಿಗೂ ಆಸೆ. ಅವರು ದೆಹಲಿಯ ಶಾಲೆಯೊಂದರಲ್ಲಿ ಗಣಿತ ಹೇಳಿದವರು. ಸಂಜೆ ಹೊತ್ತು ನೆರಳಲ್ಲಿ ಕುರ್ಚಿ ಹಾಕಿ ಕೂರುವ ಕನಸು.

ಅಕ್ಕ ಬೇಡವೆನ್ನಲಿಲ್ಲ. "ಕೇಳಿಕೊಂಡು ಬರ್ತೀನಿ" ಎಂದರು. ಕೇಳಲು ಹೋದ ಕಡೆ ಗೊತ್ತಾದದ್ದು ಇದು: ಆ ಗುಮ್ಮಟದಂಥ ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರಿನೊಳಗೆ ಹೊಸದಾಗಿ ಏನನ್ನೂ ಕಟ್ಟುವಂತಿಲ್ಲ. ಮನೆ ರಿಪೇರಿಗೂ ಮೊದಲೇ ಕೇಳಿ ಅನುಮತಿ ಪಡೆಯಬೇಕು. ಅಡಿಪಾಯ ತೋಡಿ ಕಂಬ ನೆಟ್ಟ ಶೆಡ್ಡಿಗಂತೂ ಅವಕಾಶವೇ ಇಲ್ಲ. ಹಿಂದಿರುಗುವಾಗ ಅಕ್ಕ ಗುಮ್ಮಟದ ಗೇಟಿನ ಬಳಿ ನಿಂತು ಅಲ್ಲಿನ ನೀಲಿ ಬೋರ್ಡನ್ನು ಪೂರ್ತಿ ಓದಿದರಂತೆ. ದಿನಾ ಹಾಲು ತರಲು ಅದರ ಮುಂದೆಯೇ ನಡೆದುಹೋಗುತ್ತಿದ್ದರೂ ಓದಿರಲಿಲ್ಲ.

ಮನೆಯಲ್ಲಿ ಗಲಾಟೆಯೇ ಆಯಿತು. ಹರ್ಷಿಣಿ ಸಿಟ್ಟಾದಳು. ಮುರಳೀಧರರು, "ಜೀವನವೆಲ್ಲ ಬೇರೆಯವರ ಶೆಡ್ ಬಿಚ್ಚಿಸಿದ್ದಾಯ್ತು, ಈಗ ನಮ್ಮದನ್ನ ಏಳೋಕ್ ಮುಂಚೇನೇ ಬಿಚ್ಚಿಸ್ತಿದೀಯ" ಎಂದು ನಕ್ಕು, ಆಮೇಲೆ ಎರಡು ದಿನ ಮುಖ ಗಂಟಿಕ್ಕಿಕೊಂಡರು. ಚೌಧರಿ ಗೇಟಿನಿಂದಲೇ ಬುದ್ಧಿ ಹೇಳಿದ. "ಮೇಡಂಜೀ, ಕೇಳೋಕೆ ಯಾಕೆ ಹೋದ್ರಿ? ಇಲ್ಲಿ ಯಾರೂ ಕೇಳೋದಿಲ್ಲ. ರಾತ್ರೋರಾತ್ರಿ ಹಾಕಿ, ಬೆಳಿಗ್ಗೆ ಹಳೇದು ಅನ್ನಿ, ಮುಗೀತು."

"ಕೇಳಿ ಆಗಿದೆ ಭಾಯಿಸಾಬ್," ಎಂದರು ಅಕ್ಕ. "ಇಲ್ಲ ಅಂದಮೇಲೆ ಇಲ್ಲ. ಮರ ನೆಡ್ತೀನಿ."

ಮರ ಎಂದರೆ ಹೊಂಗೆ. ದೆಹಲಿಯ ರಸ್ತೆಬದಿಗಳಲ್ಲೂ ಇದೆ. ಬೇಸಿಗೆಯ ನಡುವೆ ಹೊಸ ಎಲೆ ಬಿಟ್ಟು ತಂಪಾದ ನೆರಳು ಕೊಡುತ್ತದೆ. ಮಳೆ ಶುರುವಾಗುವ ಮುಂಚೆ ಗುಂಡಿ ತೆಗೆದಿಟ್ಟಿರಬೇಕು ಎಂದು ಒಂದು ಭಾನುವಾರ ಬೆಳಿಗ್ಗೆ ರಾಮ್‌ಕಿಶನ್ ಎಂಬ ಮಾಲಿಯನ್ನು ಕರೆಸಿದರು. ನಾನು ಅವತ್ತು ತಿಂಡಿಗೆ ಹೋಗಿದ್ದೆ. ಅಕ್ಕ ಅಕ್ಕಿ ರೊಟ್ಟಿ ತಟ್ಟುತ್ತಿದ್ದರು.

ಅಂಗಳದ ಗಟ್ಟಿ ಮಣ್ಣು, ಇಟ್ಟಿಗೆ ಚೂರು, ಮುರಿದ ಹೆಂಚು ದಾಟಿ ಗುಂಡಿ ಮೊಣಕಾಲುದ್ದ ಆಗಿತ್ತು. ರಾಮ್‌ಕಿಶನ್ ಹಾರೆ ಎತ್ತಿ ಹಾಕಿದ. ಬಂದ ಸದ್ದು ಬೇರೆಯಾಗಿತ್ತು. ಅಡುಗೆಮನೆಯಲ್ಲಿದ್ದ ನಮಗೂ ಕೇಳಿಸಿತು. ದೊಡ್ಡ ಹಂಡೆಯನ್ನು ಮಗುಚಿ ಬಡಿದ ಹಾಗೆ. ಇನ್ನೊಂದು ಸಲ ಹಾಕಿದ್ದೇ ಹಾರೆ ಅವನ ಕೈಯಿಂದ ಜಾರಿ ಒಳಗೆ ಹೋಗಿಬಿಟ್ಟಿತು. ಸ್ವಲ್ಪ ಹೊತ್ತು ಬಿಟ್ಟು, ಬಹಳ ಕೆಳಗಿನಿಂದ, ಕಲ್ಲಿಗೆ ಕಬ್ಬಿಣ ತಾಗಿದ ಠಣ್ ಎಂಬ ಸದ್ದು ಮೇಲೆ ಬಂತು.

ನಾವೆಲ್ಲ ಹೊರಗೆ ಓಡಿದೆವು. ರಾಮ್‌ಕಿಶನ್ ಗುಂಡಿಯಿಂದ ಹಾರಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ. ಗುಂಡಿಯ ತಳದಲ್ಲಿ ಒಂದು ತಟ್ಟೆಯಷ್ಟಗಲದ ಕಪ್ಪು ತೂತು. ಮುರಳೀಧರರು ಬಗ್ಗಿ ಅದರ ಮೇಲೆ ಕೈ ಒಡ್ಡಿದರು.

"ವೈಜೂ, ಇಲ್ಲಿ ಬಾ. ಕೈ ಇಡು."

ಜೂನ್ ತಿಂಗಳು. ಬೆಳಿಗ್ಗೆಯೇ ಲೂ ಎನ್ನುವ ಬಿಸಿಗಾಳಿ ಮುಖ ಸುಡುತ್ತಿತ್ತು. ಆ ತೂತಿನಿಂದ ಮಾತ್ರ ತಂಪು ಗಾಳಿ ಬರುತ್ತಿತ್ತು. ಫ್ಯಾನಿನದಲ್ಲ, ಕೂಲರಿನದೂ ಅಲ್ಲ. ಮಣ್ಣು, ಸುಣ್ಣ, ಯಾವುದೋ ಹಳೆಯ ನೀರಿನ ವಾಸನೆ ಹೊತ್ತ ತಂಪು. ಒಬ್ಬೊಬ್ಬರಾಗಿ ಕೈ ಒಡ್ಡಿದೆವು. ನನ್ನ ತೋಳಿನ ಕೂದಲು ನಿಂತದ್ದು ತಂಪಿಗೋ ಭಯಕ್ಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ಹರ್ಷಿಣಿ ಮೊಬೈಲಿನ ಟಾರ್ಚ್ ಹಚ್ಚಿ, ಬೋರಲಾಗಿ ಮಲಗಿ ಒಳಗೆ ಬೆಳಕು ಬಿಟ್ಟಳು. ಆಮೇಲೆ ಪಿಸುಗುಟ್ಟಿದಳು, "ಅಮ್ಮಾ... ಸೀಢಿಯಾಂ. ಕೆಳಗೆ ಮೆಟ್ಲಿದೆ. ಹೋಗ್ತಾನೇ ಇದೆ."

ಅಕ್ಕ ಸೀರೆಯ ನೆರಿಗೆ ಸಿಕ್ಕಿಸಿಕೊಂಡು ಮಗಳ ಪಕ್ಕ ಮಣ್ಣಿನಲ್ಲೇ ಮಲಗಿದರು. ಒಳಗೆ ಒಂದು ಕಮಾನು, ಅದರಡಿ ಅಗಲವಾದ ಕಲ್ಲಿನ ಮೆಟ್ಟಿಲುಗಳು. ಮೇಲಿನ ಕೆಲವು ಮಾತ್ರ ಕಾಣುತ್ತಿದ್ದವು, ಉಳಿದವು ಕತ್ತಲೆಗೆ ಇಳಿದಿದ್ದವು. ಪ್ರತಿ ಮೆಟ್ಟಿಲೂ ನಡುವೆ ಸವೆದು ದೋಣಿಯಂತೆ ಬಾಗಿತ್ತು.

"ಕಾಲು," ಎಂದರು ಅಕ್ಕ, ತಮಗೆ ತಾವೇ. "ಎಷ್ಟು ಕಾಲು ಹತ್ತಿ ಇಳಿದಿರಬೇಕು, ಕಲ್ಲು ಹೀಗಾಗೋಕೆ."

ಎದ್ದಾಗ ಅವರ ಕೆನ್ನೆಗೆ ಮಣ್ಣು ಮೆತ್ತಿತ್ತು. ಒರೆಸಿಕೊಳ್ಳಲಿಲ್ಲ. ಒಳಗೆ ಒಲೆಯ ಮೇಲೆ ರೊಟ್ಟಿ ಸೀದು ಹೊಗೆ ಬರುತ್ತಿತ್ತು, ಅದೂ ಗೊತ್ತಾಗಲಿಲ್ಲ.

ಸುದ್ದಿ ತಿಳಿದು ಚೌಧರಿ ಬಂದ. ನೋಡಿದ. ಅವನ ಮುಖವೂ ಒಂದು ಕ್ಷಣ ಬದಲಾಯಿತು. ಆದರೆ ಗಲ್ಲಿಯ ಲೆಕ್ಕಾಚಾರ ಬಲ್ಲವನು. ಅಕ್ಕನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ. "ಮೇಡಂಜೀ, ಎರಡು ಟ್ರಾಲಿ ಮಣ್ಣು ನಾನೇ ತರಿಸ್ತೀನಿ. ಇವತ್ತೇ ಮುಚ್ಚಿ. ಸರ್ಕಾರದವರಿಗೆ ಗೊತ್ತಾದ್ರೆ ನಿಮ್ಮ ಅಂಗಳ ಹೋಯ್ತು. ಆಮೇಲೆ ಅವರು ಟೇಪು ಹಿಡ್ಕೊಂಡು ಇಡೀ ಗಲ್ಲಿ ಅಳೀತಾರೆ. ನಮ್ಮೆಲ್ಲರ ಶೆಡ್ಡೂ ಹೋಗತ್ತೆ."

ಟೇಪು ಹಿಡಿದು ಅಳೆಯುವವರು ಹೇಗಿರುತ್ತಾರೆ ಎಂದು ಅಕ್ಕನಿಗೆ ಹೇಳಿಕೊಡಬೇಕಿರಲಿಲ್ಲ. ಚೌಧರಿ ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ ಎಂದೂ ಗೊತ್ತಿತ್ತು. ಅವತ್ತು ಮಧ್ಯಾಹ್ನ ಮೂವರೂ ಊಟದ ಮೇಜಿನ ಸುತ್ತ ಕೂತರು, ಜೊತೆಗೆ ನಾನು. ಮುರಳೀಧರರು ಹೇಳಿದರು, "ಇದ್ದ ಒಂದು ಮನೆ, ಅದರ ಮುಂದಿನ ಅಂಗಳ ಹೋದ್ರೆ ಬಾಗಿಲು ಎಲ್ಲಿಡೋಣ? ಯೋಚನೆ ಮಾಡು." ಹರ್ಷಿಣಿ, ಶೆಡ್ಡಿಗಾಗಿ ಅಷ್ಟು ಜಗಳವಾಡಿದವಳು, ತನ್ನ ಅಂಗೈಯನ್ನೇ ನೋಡುತ್ತಿದ್ದಳು.

"ಪಪ್ಪಾ," ಎಂದಳು ಕೊನೆಗೆ, "ಮುಚ್ಚಿದ್ರೂ ಅದು ಅಲ್ಲೇ ಇರತ್ತೆ ನಾ? ಕಾರ್ ನಿಲ್ಸಿದಾಗೆಲ್ಲ ನಂಗೆ ಗೊತ್ತಾಗ್ತಾ ಇರತ್ತೆ, ಕೆಳಗಡೆ ಮೆಟ್ಲಿದೆ ಅಂತ."

ಅಕ್ಕ ಎದ್ದು ಹೋಗಿ ಗುಂಡಿಯ ಮೇಲೆ ಹಳೆಯ ಬಾಗಿಲೊಂದನ್ನು ಅಡ್ಡ ಹಾಕಿಸಿ, ಯಾರೂ ಕಾಲಿಡದಂತೆ ಕಲ್ಲು ಹೇರಿಸಿದರು. ಸೋಮವಾರ ಬೆಳಿಗ್ಗೆ ಪುರಾತತ್ವದವರ ಕಚೇರಿಗೆ ಹೋಗಿ ತಾವೇ ತಿಳಿಸಿ ಬಂದರು.

ಬಂದವರಲ್ಲಿ ಮುಖ್ಯರು ಒಬ್ಬ ನಡುವಯಸ್ಸಿನ ಅಧಿಕಾರಿಣಿ. ಹಗ್ಗ, ದೀಪ, ಗಾಳಿ ಪರೀಕ್ಷಿಸುವ ಸಾಧನ ಎಲ್ಲ ತಂದಿದ್ದರು. ಅವರ ಹುಡುಗರು ಒಳಗಿಳಿದು ಹತ್ತಿದ ಮೇಲೆ ಆಕೆ ಅಕ್ಕನಿಗೆ ಕೈ ಮುಗಿದರು. "ಇದು ಹಳೆಯ ಮೆಟ್ಟಿಲುಬಾವಿ. ಇಂಥದ್ದು ಸಿಕ್ಕಾಗ ಜನ ಕಾಂಕ್ರೀಟು ಹಾಕಿಬಿಡುತ್ತಾರೆ ಅಮ್ಮ. ನೀವೇ ಬಂದು ಹೇಳಿದಿರಿ." ಅಕ್ಕ ಮುಜುಗರದಿಂದ ಚಹಾ ಮಾಡಲು ಒಳಗೆ ಹೋದರು.

ಮಳೆಗಾಲ ಕಳೆದ ಮೇಲೆ ಕೆಲಸ ಶುರುವಾಯಿತು. ಅಂಗಳಕ್ಕೆ ಬೇಲಿ ಬಿತ್ತು. ಮನೆಯ ಮುಂಬಾಗಿಲು ಮುಚ್ಚಿ, ಹಿಂದಿನ ಗಲ್ಲಿಯ ಕಡೆಯಿಂದ ಓಡಾಡುವಂತಾಯಿತು. ಚಳಿಗಾಲವೆಲ್ಲ ಬುಟ್ಟಿಬುಟ್ಟಿಯಾಗಿ ಮಣ್ಣು ಮೇಲೆ ಬಂತು. ಕೆಲಸದವರು ಮೇಲಿನಿಂದ ಕೆಳಗೆ ಸಾಗಿದಂತೆ ಅಕ್ಕನ ಅಂಗಳದಲ್ಲಿ ಒಂದು ಕಟ್ಟಡ ತಲೆಕೆಳಗಾಗಿ ಏಳುತ್ತಾ ಹೋಯಿತು ಎನ್ನಬೇಕು. ಮೊದಲು ಕಮಾನು, ಆಮೇಲೆ ಮೆಟ್ಟಿಲುಗಳ ಸಾಲು, ಗೋಡೆಗಳಲ್ಲಿ ದೀಪ ಇಡುವ ಗೂಡುಗಳು. ಗೂಡುಗಳ ನೆತ್ತಿಗೆ ಎಣ್ಣೆದೀಪದ ಮಸಿ ಇನ್ನೂ ಅಂಟಿತ್ತು. ನಾನು ಹೋದಾಗಲೆಲ್ಲ ಇನ್ನೊಂದಿಷ್ಟು ಆಳವಾಗಿರುತ್ತಿತ್ತು. ಬೇಲಿ ಹಿಡಿದು ಕೆಳಗೆ ನೋಡಿದರೆ ತಲೆ ತಿರುಗುತ್ತಿತ್ತು. ಇದರ ಮೇಲೆ ಇಷ್ಟು ಜನ ಹಾಸಿಗೆ ಹಾಸಿ ಮಲಗಿದ್ದರು, ಸ್ಕೂಟರ್ ತೊಳೆದಿದ್ದರು, ತುಳಸಿಗೆ ನೀರು ಹಾಕಿದ್ದರು!

ಇತ್ತ ಗಲ್ಲಿಯಲ್ಲಿ ಅಕ್ಕನನ್ನು ಮಾತಾಡಿಸುವವರು ಕಮ್ಮಿಯಾದರು. ಚೌಧರಿ ಹೇಳಿದಂತೆಯೇ ಅಳತೆಯವರು ಬಂದರು, ನೋಟಿಸುಗಳು ಬಂದವು. ಬಾವಿಯ ಮೇಲುಭಾಗ ಗಲ್ಲಿಯ ಕಡೆಗೂ ಹರಡಿದ್ದರಿಂದ ಚೌಧರಿಯ ಶೆಡ್ಡಿನ ಕಂಬಗಳು ಅದರ ಕಟ್ಟೆಯ ಮೇಲೆಯೇ ನಿಂತಿದ್ದವು. ಅವನು ಅಕ್ಕನ ಬಾಗಿಲ ಮುಂದೆ ನಿಂತು ಕೂಗಾಡಿದ. "ಒಂದು ಮರ ನೆಡೋಕೆ ಹೋಗಿ ಗಲ್ಲೀನೇ ಹಾಳು ಮಾಡಿದ್ರಿ!" ಅಕ್ಕ ಒಳಗೆ ಬಂದು, "ಅವನ ಜಾಗದಲ್ಲಿದ್ರೆ ನಾನೂ ಕೂಗ್ತಿದ್ದೆ" ಎಂದಷ್ಟೇ ನನಗೆ ಹೇಳಿದರು.

ಚೌಧರಿಯ ತಾಯಿ ಅಂಗೂರಿ ದೇವಿಗೆ ಎಂಬತ್ತು ದಾಟಿತ್ತು. ಇಡೀ ಗಲ್ಲಿ ಆಕೆಯನ್ನು 'ತಾಯೀ' ಎನ್ನುತ್ತಿತ್ತು. ಅವರ ಮಾತಿನಲ್ಲಿ ಅದಕ್ಕೆ ದೊಡ್ಡಮ್ಮ ಎಂದರ್ಥ. ನಮ್ಮ ಕಿವಿಗೆ ಕೇಳಿಸುವುದೇ ಬೇರೆ. ಮಂಡಿನೋವಿನಿಂದ ಮಹಡಿ ಇಳಿಯದಿದ್ದ ಆಕೆ, ಫೆಬ್ರವರಿಯ ಒಂದು ಬಿಸಿಲಿನ ಮಧ್ಯಾಹ್ನ, ಸೊಸೆಯ ಹೆಗಲು ಹಿಡಿದು ಬೇಲಿಯ ಬಳಿ ಬಂದು ನಿಂತರು. ಬಾವಿಯ ಬಾಯಿಯ ಕಟ್ಟೆಗಲ್ಲುಗಳು ಅಂದೇ ಪೂರ್ತಿ ತೆರೆದುಕೊಂಡಿದ್ದವು. ಕಲ್ಲುಗಳ ಅಂಚಿನಲ್ಲಿ ಉದ್ದುದ್ದ ಗೀರುಗಳು. ಗೀರು ಎನ್ನುವುದಕ್ಕಿಂತ ಕಾಲುವೆ ಎನ್ನಬೇಕು, ಬೆರಳಿಟ್ಟರೆ ಪೂರ್ತಿ ಒಳಗೆ ಹೋಗುವಷ್ಟು ಆಳ. ನೀರು ಸೇದಿ ಸೇದಿ ಹಗ್ಗ ಕೊರೆದ ಗುರುತು.

ತಾಯೀ ಬೇಲಿಯೊಳಗೆ ಹೋಗಬೇಕೆಂದು ಹಟ ಹಿಡಿದರು. ಅಧಿಕಾರಿಣಿ ತಡೆಯಲಿಲ್ಲ. ತಾಯೀ ನಿಧಾನಕ್ಕೆ ಕಲ್ಲಿನಿಂದ ಕಲ್ಲಿಗೆ ಕೈಯಾಡಿಸುತ್ತಾ ಹೋಗಿ, ಒಂದು ಕಡೆ ನಿಂತು, ಒಂದು ಗೀರಿನೊಳಗೆ ಬೆರಳಿಟ್ಟರು.

"ಇದು ನಮ್ಮನೆ ಜಾಗ. ಒಂದೊಂದು ಮನೆಗೂ ಒಂದೊಂದು ಜಾಗ ಇತ್ತು. ಮದುವೆಯಾಗಿ ಬಂದ ಮಾರನೇ ದಿನ ನಮ್ಮತ್ತೆ ಇಲ್ಲಿ ತಂದು ನಿಲ್ಲಿಸಿ, ಹಗ್ಗ ಕೈಗೆ ಕೊಟ್ಟರು. ಅವರ ಅತ್ತೆ ಅವರನ್ನ ಇಲ್ಲೇ ನಿಲ್ಲಿಸಿದ್ದರಂತೆ. ಆಮೇಲೆ ನಲ್ಲಿ ಬಂತು. ಕಸ ತುಂಬಿದರು, ಮಣ್ಣು ಹಾಕಿದರು. ಮನೆಗಳೆದ್ದ ಮೇಲೆ ಎಲ್ಲಿತ್ತು ಅಂತ ನನಗೇ ಮರೆತುಹೋಯಿತು. ಇವರಿಗೆಲ್ಲ ಹೇಳಿದರೆ ನಂಬುತ್ತಿರಲಿಲ್ಲ."

ಚೌಧರಿ ತನ್ನ ಶೆಡ್ಡಿನ ಕೆಳಗೆ ನಿಂತು ಕೇಳಿಸಿಕೊಳ್ಳುತ್ತಿದ್ದ. ಅವನ ಅಮ್ಮ ಅಕ್ಕನ ಕಡೆ ತಿರುಗಿ, ಬಾ ಎಂದು ಕರೆದು, ಅಕ್ಕನ ಬೆರಳನ್ನು ಹಿಡಿದು ತನ್ನ ಬೆರಳಿದ್ದ ಜಾಗದಲ್ಲಿ ಇಟ್ಟರು. ಅಕ್ಕ ಮಧುಗಿರಿಯಲ್ಲಿ ಹುಡುಗಿಯಾಗಿದ್ದಾಗ ಹಿತ್ತಿಲ ಬಾವಿಯಲ್ಲಿ ನೀರು ಸೇದಿದವರು. ರಾಟೆಯಿಲ್ಲದ ಬಾವಿಯ ಹಗ್ಗ ಅಂಗೈಗೆ ಏನು ಮಾಡುತ್ತದೆ ಎಂದು ಗೊತ್ತು. ಕಲ್ಲಿಗೂ ಅದೇ ಆಗಿತ್ತು. ತಾಯೀಯ ಹಳ್ಳಿ ಮಾತು ಅಕ್ಕನಿಗೆ, ಅಕ್ಕನ ಹಿಂದಿ ತಾಯೀಗೆ ಅರ್ಧಂಬರ್ಧ. ಅವರು ತುಂಬ ಹೊತ್ತು ಹಾಗೇ ನಿಂತಿದ್ದರು. ನಾನು ಹತ್ತಿರ ಹೋಗಲಿಲ್ಲ. ಹೋಗಬಾರದು ಅನ್ನಿಸಿತು.

ಚೌಧರಿ ಆ ಸಂಜೆಯೇ ಬದಲಾದ ಎಂದು ಹೇಳಿದರೆ ಸುಳ್ಳಾಗುತ್ತದೆ. ಅವನು ವಕೀಲರನ್ನು ನೋಡಿದ, ತಿಂಗಳುಗಟ್ಟಲೆ ಓಡಾಡಿದ, ಕೊನೆಗೆ ಬೈದುಕೊಂಡೇ ಕಂಬ ಕಿತ್ತ. ಅಕ್ಕನ ಜೊತೆ ಇವತ್ತಿಗೂ ಮೊದಲಿನ ಹಾಗೆ ನಗುವುದಿಲ್ಲ. ಆದರೆ ಹೊರಗಿನ ಹುಡುಗರು ಬಂದು ಆ ಕಲ್ಲುಗಳ ಮೇಲೆ ಹೆಸರು ಕೆತ್ತಲು ಹೋದರೆ ಮೊದಲು ಓಡಿಬಂದು ಗದರುವವನು ಅವನೇ.

ಜುಲೈ ಕೊನೆಯಲ್ಲಿ ದೆಹಲಿಗೆ ಎಡೆಬಿಡದ ಮಳೆ ಬಂತು. ರಸ್ತೆಗಳೆಲ್ಲ ಹೊಳೆಯಾದವು. ಮಳೆ ನಿಂತ ಸಂಜೆ ಹರ್ಷಿಣಿ ನನಗೆ ಫೋನು ಮಾಡಿದಳು. "ಆಂಟೀ, ಬೇಗ ಬನ್ನಿ." ಏನಾಯಿತೋ ಎಂದು ಆಟೋ ಹಿಡಿದು ಓಡಿದೆ. ಗಲ್ಲಿಯವರೆಲ್ಲ ಬೇಲಿಯ ಸುತ್ತ ಸೇರಿದ್ದರು, ಬಾಡಿಗೆ ಕೋಣೆಗಳ ವಿದ್ಯಾರ್ಥಿಗಳು ಬಾಲ್ಕನಿಗಳಲ್ಲಿ ನಿಂತಿದ್ದರು.

ಬಾವಿಯ ತಳದಲ್ಲಿ ನೀರು. ಮೇಲಿನಿಂದ ಸುರಿದ ಕೆಂಪು ಮಳೆನೀರನ್ನು ಕೆಲಸದವರು ಪಂಪು ಹಾಕಿ ತೆಗೆದಿದ್ದರಂತೆ. ಇದು ಆಮೇಲೆ ಬಂದದ್ದು. ಕಲ್ಲುಗಳ ಸಂದಿನಿಂದ, ನೆಲದೊಳಗಿನಿಂದ, ತಿಳಿಯಾಗಿ, ಸದ್ದಿಲ್ಲದೆ ಏರುತ್ತಿತ್ತು. ನಾವು ನೋಡುತ್ತಿದ್ದಂತೆಯೇ ಸವೆದ ಒಂದು ಮೆಟ್ಟಿಲಿನ ನಡುವಿನ ತಗ್ಗು ಮೊದಲು ಹೊಳೆಯಿತು, ಆಮೇಲೆ ಆ ಮೆಟ್ಟಿಲು ಪೂರ್ತಿ ಮುಳುಗಿತು, ನೀರು ಮುಂದಿನದಕ್ಕೆ ಬಂತು. ತೊಳೆದ ಆಕಾಶ ಅದರೊಳಗೆ ಬಿದ್ದಿತ್ತು. ಒಂದು ಪಾರಿವಾಳ ಹಾರಿದರೆ ಅಲ್ಲಿ, ಅಷ್ಟು ಕೆಳಗೆ, ಇನ್ನೊಂದು ಹಾರಿತು.

ಅಷ್ಟು ವರ್ಷ ಕಸ ತುಂಬಿ, ಮಣ್ಣು ಹೇರಿ, ಮೇಲೆ ಮನೆ ಕಟ್ಟಿ ಸಂಸಾರ ಮಾಡಿದ್ದರೂ ಆ ನೀರು ದಾರಿ ಮರೆತಿರಲಿಲ್ಲ. ತಾಯೀ ಮಹಡಿಯ ಕಿಟಕಿಯಿಂದಲೇ ಕೈ ಮುಗಿದರು. ಮುರಳೀಧರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಅಕ್ಕನಿಗೆ ಈಗ ಮುಂಬಾಗಿಲಿಲ್ಲ, ಅಂಗಳವಿಲ್ಲ. ಮಗಳ ಕಾರು ಮುಖ್ಯ ರಸ್ತೆಯಲ್ಲಿ ಬಿಸಿಲಿನಲ್ಲೇ ನಿಲ್ಲುತ್ತದೆ. ಮೊನ್ನೆ ಹೋದಾಗ, "ಬೇಜಾರಾಗಲ್ವಾ ಅಕ್ಕಾ?" ಎಂದು ಕೇಳಿದೆ. ಅವರು ಕಿಟಕಿಯ ಪಕ್ಕ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಸುಲಿಯುವುದನ್ನು ನಿಲ್ಲಿಸಿ ಹೊರಗೆ ನೋಡಿದರು.

"ಬೆಳಿಗ್ಗೆ ಎದ್ದ ತಕ್ಷಣ ನೀರು ಎಷ್ಟನೇ ಮೆಟ್ಟಿಲಿಗೆ ಬಂದಿದೆ ಅಂತ ನೋಡ್ತೀನಿ ಹಂಸಾ. ಆಮೇಲೆ ಕಾಫಿ ಮಾಡ್ತೀನಿ. ಬೇಜಾರು ಮಾಡ್ಕೊಳೋಕೆ ಪುರುಸೊತ್ತೇ ಸಿಕ್ಕಿಲ್ಲ ನೋಡು."